ಗಂಜ್ ರಸ್ತೆಯ ನೆರಳು

ಹೇಳಿಬಿಡಲೆ? ಹೇಳಿದರೆ ಏನಾಗುತ್ತದೆ? ಆದರೆ ಹೇಳುವುದಕ್ಕೆ ತನಗೆ ಗೊತ್ತಿರುವುದಾದರೂ ಏನು? ಅತ್ತೆ ಈ ಹೊತ್ತಿನಲ್ಲಿ ಗುಡಿಯ ಹಾದಿಯಲ್ಲಿಲ್ಲ, ಅಷ್ಟೇ. ಇವತ್ತೊಂದು ದಿನ ಮನಸ್ಸು ಬದಲಾಗಿ ನಿಜವಾಗಿಯೂ ಗುಡಿಗೇ ಹೋಗಿದ್ದರೆ? ಇಲ್ಲ, ಹೋಗಿರಲಾರಳು. ಹಬ್ಬದ ದಿನವೂ ಹೋಗದವಳು ಸುಮ್ಮನೆ ಒಂದು ಬುಧವಾರ ಯಾಕೆ ಹೋದಾಳು? ಹಾಗಾದರೆ ಪರದೆಯ ಮೇಲೆ ಗುಡಿ ಓಣಿಯತ್ತ ಮೆಲ್ಲಗೆ ತೆವಳುತ್ತಿರುವ ಈ ತಿಳಿಹಸಿರು ಪಟ್ಟಿಯ ಒಳಗೆ ಯಾರಿದ್ದಾರೆ? ಯಾರೂ ಇಲ್ಲ. ಖಾಲಿ ರಸ್ತೆಗೆ ಊರಿನ ವಾಹನಗಳೆಲ್ಲ ಮರ್ಯಾದೆ ಕೊಟ್ಟು ನಿಧಾನವಾಗುತ್ತಿವೆ.

ಬಸವಪ್ರಭು ಕಣ್ಣುಜ್ಜಿಕೊಂಡ. ರಸ್ತೆ ನಿಯಂತ್ರಣ ಕೊಠಡಿಯಲ್ಲಿ ಬೆಳಗಿನ ಪಾಳಿಯವರು ನಾಲ್ಕೈದು ಜನ ತಮ್ಮ ತಮ್ಮ ಪರದೆಗಳ ಮುಂದೆ ಮಾತಿಲ್ಲದೆ ಕೂತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಮೀಟಿಂಗ್ ಇತ್ತು. ಅಲ್ಲಿ ಮಾತು ಗಂಜ್ ರಸ್ತೆಯದು. ಅತ್ತೆಯ ಕುರ್ಚಿಗಾಡಿ ಈಗ ನಿಜವಾಗಿ ಇರುವುದು ಅದೇ ರಸ್ತೆಯ ಮೇಲೆ.

ಅದು ಹತ್ತಿ ಮಾರುಕಟ್ಟೆಯ ಊರು. ಲಾರಿಗಳಿಗೆ ಚಾಲಕರು ಇಲ್ಲದೆ ಹೋಗಿ ಎಷ್ಟೋ ವರ್ಷವಾಗಿತ್ತು. ತಮಗೆ ತಾವೇ ಬಂದು, ತೂಕ ಕೊಟ್ಟು, ಹೇರಿಕೊಂಡು ಹೋಗುತ್ತಿದ್ದವು. ಊರಿಗೆ ವಯಸ್ಸೂ ಆಗಿತ್ತು. ಮೊಣಕಾಲು ಕೈಕೊಟ್ಟವರು ಒಬ್ಬರಾದರೂ ಇಲ್ಲದ ಮನೆಯೇ ಕಡಿಮೆ. ಅಂಥವರಿಗೆಲ್ಲ ಸರ್ಕಾರ ಬ್ಯಾಟರಿಯ ಮೂರು ಗಾಲಿಯ ಆಸನ ಕೊಟ್ಟಿತು. ಅದಕ್ಕೆ ಇಟ್ಟಿದ್ದ ಉದ್ದನೆಯ ಹೆಸರನ್ನು ಜನ ಒಂದೇ ದಿನದಲ್ಲಿ ಮರೆತು ಕುರ್ಚಿಗಾಡಿ ಎಂದು ಕರೆದರು. ಹೊಸ ಬಡಾವಣೆಗಳಲ್ಲಿ ಅವುಗಳಿಗೆ ಬೇರೆ ದಾರಿ ಹಾಕಿದ್ದರು. ಹಳೆಯ ಊರಿನಲ್ಲಿ ಜಾಗ ಎಲ್ಲಿಂದ ತರುವುದು? ಒಂದೇ ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿಯೂ ಹೋಗಬೇಕು, ಆಳು ನಡೆಯುವಷ್ಟೇ ವೇಗದ ಕುರ್ಚಿಗಾಡಿಯೂ ಹೋಗಬೇಕು.

ಅದಕ್ಕೆ ಕಂಡುಕೊಂಡ ಉಪಾಯ ನೆರಳು. ಕುರ್ಚಿಗಾಡಿ ಹತ್ತಿರದಲ್ಲಿದೆ ಎಂಬ ಸೂಚನೆ ಸಿಕ್ಕರೆ ಕಾರು ನಿಲ್ಲುತ್ತದೆ. ಆದರೆ ಹತ್ತಿ ಅಂಡಿಗೆಗಳನ್ನು ಎತ್ತರಕ್ಕೆ ಹೇರಿಕೊಂಡ ಲಾರಿ ಗಕ್ಕನೆ ನಿಲ್ಲಲಾರದು, ನಿಂತರೆ ಮಗುಚಿಕೊಳ್ಳುತ್ತದೆ. ಅದಕ್ಕೆ ಬಹಳ ಮೊದಲೇ ಹೇಳಬೇಕು. ಹಾಗಾಗಿ ಗಾಡಿ ಬರುವ ಮುಂಚೆಯೇ ರಸ್ತೆಯ ಒಂದು ತುಂಡು ತನ್ನ ಮೇಲಿನ ಲಾರಿಗಳಿಗೆಲ್ಲ ಸಾವಕಾಶ ಎಂದು ಹೇಳಿಬಿಡುತ್ತದೆ. ಆ ತುಂಡು ಗಾಡಿಯ ಜೊತೆಗೇ ಮುಂದೆ ಸರಿಯುತ್ತದೆ. ಅದೇ ನೆರಳು, ಪರದೆಯ ಮೇಲಿನ ಹಸಿರು ಪಟ್ಟಿ.

ಮೊದಮೊದಲು ನೆರಳು ಗಾಡಿಯನ್ನೇ ಕಂಡು ಹಿಂಬಾಲಿಸುತ್ತಿತ್ತು. ಊರಿನ ಹಿರಿಯರು ಅದಕ್ಕೆ ಒಪ್ಪಲಿಲ್ಲ. ಕುರ್ಚಿಗಾಡಿಗಳನ್ನು ಕಚೇರಿಯ ಮುಂದೆ ಸಾಲಾಗಿ ನಿಲ್ಲಿಸಿ ಧರಣಿ ಕೂತರು. "ನಾವೇನ್ ತಪ್ಪಿಸ್ಕೊಂಡ ಹೋಗೂ ದನಾ ಏನ್ರಿ, ಕೊಳ್ಳಾಗ ಗಂಟಿ ಕಟ್ಟಾಕ?" ಎಂದು ಕೂಗಿದರು. ಹಾಗೆ ಕೂಗಿದವರಲ್ಲಿ ಬಸವಪ್ರಭುವಿನ ಸೋದರತ್ತೆ ಕಸ್ತೂರಿಯೇ ಮುಂದಿದ್ದವಳು. ಅವಳ ಕೊರಳಲ್ಲಿ ಸೀಟಿಯೂ ಇತ್ತು. ಕೊನೆಗೆ ಕೋರ್ಟು ಅವರ ಪರವಾಗಿ ಹೇಳಿತು: ಒಬ್ಬ ಹಿರಿಯ ಮನುಷ್ಯ ಯಾವ ಕ್ಷಣದಲ್ಲಿ ಎಲ್ಲಿದ್ದಾನೆಂದು ಯಾರೂ ನೋಡುವ ಹಾಗಿಲ್ಲ. ಅಂದಿನಿಂದ ಯಂತ್ರಕ್ಕೆ ಗೊತ್ತಾಗುತ್ತಿದ್ದದ್ದು ಎರಡೇ ಸಂಗತಿ, ಗಾಡಿ ಎಲ್ಲಿಂದ ಹೊರಟಿತು ಮತ್ತು ಕೂತವರು ಎಲ್ಲಿಗೆ ಎಂದು ಹೇಳಿದರು. ಉಳಿದದ್ದು ಲೆಕ್ಕಾಚಾರ. ಗಾಡಿ ಈಗ ಇಲ್ಲಿರಬೇಕು, ಇನ್ನು ಅಲ್ಲಿರಬೇಕು ಎಂದುಕೊಂಡು ನೆರಳು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಯಂತ್ರ ಮಾಡಿದವರು ದೂರದವರು. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗಾಡಿ ಹಾಗೆ ಕೇಳಿದ ಮೊದಲ ದಿನ ಬಸವಪ್ರಭುವಿಗೆ ಚೆನ್ನಾಗಿ ನೆನಪಿದೆ. ಅತ್ತೆ ಕೋಲು ಊರಿಕೊಂಡು ಅಂಗಳಕ್ಕಿಳಿದು, ಸೀರೆ ಸರಿಮಾಡಿಕೊಂಡು ಕೂತಳು. ಗಾಡಿ ಇಂಪಾದ ದನಿಯಲ್ಲಿ, "ನಮಸ್ಕಾರ. ಎಲ್ಲಿಗೆ ಹೋಗಬೇಕು?" ಎಂದಿತು.

ಅವಳು ಮುಖ ಗಂಟಿಕ್ಕಿ ಇಳಿದಳು. ಮತ್ತೆ ಕೋಲು ಊರಿಕೊಂಡು ಒಳಗೆ ಬಂದು ಹೊರಸಿನ ಮೇಲೆ ಕೂತು ನೀರು ಕೇಳಿದಳು.

"ನೋಡು ಪ್ರಭ್ಯಾ, ಹೊಸ್ತಿಲಾ ದಾಟೂದ ತಡಾ, ಕೇಳೇ ಬಿಡ್ತು ಮುಂಡೇದು."

"ಅತ್ತಿ, ಅದು ಮಷೀನು."

"ಮಷೀನಾದ್ರ? ಬಾಯಿ ಐತಿಲ್ಲ? ಕೇಳಿತಿಲ್ಲ?"

ನೀರು ಕುಡಿದು, ಒಂದಿಷ್ಟು ಹೊತ್ತು ಗೋಡೆ ನೋಡುತ್ತ ಕೂತು, ಬಂದ ದೋಷ ಕಳೆಯಿತೆನಿಸಿದ ಮೇಲೆ ಮತ್ತೆ ಹೊರಟಳು. ಗಾಡಿ ಮತ್ತೆ ಕೇಳಿತು. ಅವಳು ಮತ್ತೆ ಒಳಗೆ ಬಂದಳು. ಬಸವಪ್ರಭು ನಗುವುದೋ ಬೇಡವೋ ತಿಳಿಯದೆ ನೀರಿನ ಚರಿಗೆ ಹಿಡಿದು ನಿಂತಿದ್ದ. ಮೂರನೆಯ ಸಲ ಅದು ಬಾಯಿ ತೆರೆಯುವ ಮೊದಲೇ ಅವಳು, "ಗುಡಿಗೆ! ಗುಡಿಗೆ ಹೊಂಟೀನಿ, ಸಾಕಿಲ್ಲ?" ಎಂದು ಅಬ್ಬರಿಸಿದಳು. ಗಾಡಿ ವಿನಯದಿಂದ ಹೊರಟು, ಅವಳು ಹಿಡಿ ತಿರುಗಿಸಿದ ಕಡೆಗೆ ಹೋಯಿತು.

ಊರಿನ ಮನೆಮನೆಯಲ್ಲೂ ಹೀಗೇ ಆಯಿತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಗುಡಿಗೆ ಎಂದರೆ ಎಲ್ಲಿಗೆ ಎಂದು ಹೇಳಿದ ಹಾಗಲ್ಲ. ದೇವರ ಹೆಸರು ತೆಗೆದುಕೊಂಡ ಹಾಗೆ, ಅಷ್ಟೇ. ಹಿಂದಿನ ಓಣಿಯ ಜುಲೇಖಾ ಬಾಯಿ ದರ್ಗಾ ಎನ್ನುತ್ತಿದ್ದಳು, ಅಂಗಡಿಯ ಸೇಠರು ಬಸದಿ ಎನ್ನುತ್ತಿದ್ದರು. ಹಾಗೆಂದು ಅತ್ತೆ ಹೋಗುವ ಜಾಗವೇನೂ ಗುಟ್ಟಲ್ಲ. ಹೊರಡುವಾಗ ಹೇಳಬಾರದೇ ಹೊರತು, ಬಂದ ಮೇಲೆ ಹೇಳಲಿಕ್ಕೆ ಅಡ್ಡಿಯಿಲ್ಲ. ಸಂಜೆ ಊಟಕ್ಕೆ ಕೂತರೆ ಅದೇ ಮಾತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪೀಟಿ ಟೀಚರಾಗಿ ನಿವೃತ್ತಳಾದವಳು ದಿನಾ ಬೆಳಿಗ್ಗೆ ಗಂಜ್ ರಸ್ತೆಯ ತುದಿಯ ಮುನ್ಸಿಪಾಲ್ಟಿ ಮೈದಾನಕ್ಕೆ ಹೋಗುತ್ತಿದ್ದಳು. ಅಲ್ಲಿ ಖೋಖೋ ಕಲಿಯುವ ಹುಡುಗಿಯರನ್ನು ಗಾಡಿಯ ಮೇಲೆ ಕೂತೇ ಬೈಯುತ್ತಿದ್ದಳು.

"ಆ ಕುಂಬಾರ ಹುಡುಗಿ ಕಂಬಾ ಹಿಡದು ತಿರುಗೂದು ನೋಡಬೇಕಿತ್ತು ನೀ. ಎಮ್ಮಿ ಕೆರಿಯಾಗ ತಿರುಗಿದಂಗ. ಅಲ್ಲಿ ಇರೂ ಕೋಚ್ ಅನ್ನಾಂವ ಮೊಬೈಲ್ ನೋಡ್ಕೋತ ನಿಂತಿದ್ದ. ಸೀಟಿ ಊದಿದೆ ನೋಡು, ಮೊಬೈಲ್ ಕೆಡವಿದ."

ಬಸವಪ್ರಭು ರೊಟ್ಟಿ ಮುರಿಯುತ್ತ ಹ್ಞೂಂ ಎನ್ನುತ್ತಿದ್ದ. ಹುಟ್ಟಿದ ವರ್ಷದಲ್ಲೇ ತಾಯಿ ತೀರಿದ ಅವನನ್ನು ಸಾಕಿದವಳು ಅವಳೇ. ಮದುವೆಯಾಗಲಿಲ್ಲ, ಯಾಕೆಂದು ಅವನು ಕೇಳಲಿಲ್ಲ. ಅವನೂ ಆಗಿರಲಿಲ್ಲ, ಅವಳೂ ಕೇಳಲಿಲ್ಲ. ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ, ಪ್ರಶ್ನೆಗಳು ಮಾತ್ರ ಕಡಿಮೆ.

ಮೀಟಿಂಗಿನಲ್ಲಿ ಅನಸೂಯಾ ಹೊಸಮನಿ ಮೇಡಂ ಕುರ್ಚಿಗಾಡಿಗಳ ದಾರಿ ತೋರಿಸುವ ಊರಿನ ನಕ್ಷೆ ತೆರೆದರು. ಕೊಠಡಿಯ ಮುಖ್ಯಸ್ಥೆ ಅವರು. ನಿವೃತ್ತಿಗೆ ಹತ್ತಿರವಾದವರು, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವವರು. ನಕ್ಷೆಯಲ್ಲಿ ಗುಡಿ ಓಣಿ ಹಸಿರೋ ಹಸಿರು. ಗಂಜ್ ರಸ್ತೆ ಬೋಳು.

"ನಮ್ಮ ಊರ ಹಿರಿಯರು ಭಾಳ ದೈವಭಕ್ತರು ನೋಡ್ರಿ," ಎಂದರು. ದನಿಯಲ್ಲಿ ನಗೆಯಿತ್ತೋ ದಣಿವಿತ್ತೋ ಗೊತ್ತಾಗಲಿಲ್ಲ. "ಇಷ್ಟು ದಿನ ಎಲ್ಲಾ ದೊಡ್ಡ ರಸ್ತಾದ ಮ್ಯಾಲೂ ಗಾಡಿ ಬರಲಿ ಬಿಡಲಿ, ಮುಂಜಾನೆ ಪೂರ್ತಿ ಸಾಮಾನ್ಯ ನೆರಳು ಹಾಕ್ತಿದ್ವಿ. ಹತ್ತಿ ಸುಗ್ಗಿ ಬಂತು. ವರ್ತಕರು ಸುಮ್ಮನ ಇರವಲ್ರು. ಗಂಜ್ ರಸ್ತಾದಾಗ ಒಬ್ಬರೂ ಹಿರಿಯರು ಅಡ್ಡಾಡೂದಿಲ್ಲ, ಅಲ್ಯಾಕ ನೆರಳು ಅಂತಾರ. ಮ್ಯಾಲಿನವ್ರು ಒಪ್ಪ್ಯಾರ. ಸೋಮವಾರದಿಂದ ಗುಡಿ ಓಣಿಗೆ ಕಾಯಂ ನೆರಳು, ಗಂಜ್ ರಸ್ತಾಕ್ಕ ಇಲ್ಲ. ಯಾರಾದ್ರೂ ಏನಾದ್ರೂ ಹೇಳೂದು ಐತೇನ್ರಿ?"

ಪಕ್ಕದ ಮೇಜಿನ ರೇವಣಸಿದ್ಧ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಅವನ ಅಜ್ಜ ಬಸ್‌ಸ್ಟ್ಯಾಂಡ್ ಹಿಂದಿನ ಆಲದ ಕಟ್ಟೆಗೆ ಇಸ್ಪೀಟ್ ಆಡಲು ಹೋಗುವುದು ಆಫೀಸಿಗೆಲ್ಲ ಗೊತ್ತಿತ್ತು. ಆ ಅಜ್ಜನೂ ನಕ್ಷೆಯಲ್ಲಿ ಗುಡಿಯ ದಾರಿಯಲ್ಲೇ ಇದ್ದ.

ಹೇಳಬೇಕಾದ ಮಾತು ಚಿಕ್ಕದು: ಈ ನಕ್ಷೆ ಸುಳ್ಳು. ಆದರೆ ಅದರ ಹಿಂದೆಯೇ ಬರುವುದು ಬಸವಪ್ರಭುವಿಗೆ ಬಾಯಿಪಾಠವಾಗಿತ್ತು. ಸುಳ್ಳು ಜಾಗ ಹೇಳಿದವರಿಂದ ಗಾಡಿ ವಾಪಸು ಪಡೆಯಬಹುದೆಂದು ನಿಯಮದಲ್ಲೇ ಇದೆ. ಹಿರಿಯರ ಮಾತು ನಂಬಲಾಗುವುದಿಲ್ಲ ಎಂದಾದರೆ ಕೋರ್ಟಿನ ತೀರ್ಪೂ ಉಳಿಯುವುದಿಲ್ಲ. ಮತ್ತೆ ಕೊರಳಿಗೆ ಗಂಟೆ. ಇಲ್ಲವೆ ಮನೆ. ಅತ್ತೆ ಕಿಟಕಿಯ ಹತ್ತಿರ ಕೂತು ಬೀದಿ ನೋಡುವುದು ಅವನ ಕಣ್ಣ ಮುಂದೆ ಬಂತು.

"ಮೇಡಂ," ಎಂದ.

"ಹೇಳ್ರಿ ಪ್ರಭು."

"ಗಂಜ್ ರಸ್ತಾದಾಗಿನ ಉಪಕರಣ ಹಳೇವು ಅದಾವ್ರಿ. ನೆರಳು ತೆಗದ್ರೂ... ಆಗಾಗ ಪರೀಕ್ಷಾ ಮಾಡಬೇಕಾಗ್ತದ."

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. "ಮಾಡ್ರಿ," ಎಂದರು. "ಪರೀಕ್ಷಾಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ."

ಅಂದು ಸಂಜೆ ಅವನು ಇನ್ನೊಂದು ದಾರಿ ಹುಡುಕಿದ. ಅತ್ತೆ ಮಜ್ಜಿಗೆ ಕಡೆದು ಮುಗಿಸುವವರೆಗೂ ಕಾದ.

"ಅತ್ತಿ, ಸೋಮವಾರದಿಂದ ಗಂಜ್ ರಸ್ತಾದಾಗ ಲಾರಿ ಜೋರ ಬರ್ತಾವು."

"ಬರಲಿ. ನಾನೂ ಬರ್ತೀನಿ. ರಸ್ತಾ ಅವರಪ್ಪಂದೇನು?"

"ಗಾಡಿಗೆ ಮೈದಾನ ಅಂತ ಹೇಳಿಬಿಡು. ಅಷ್ಟ ಸಾಕು. ನೆರಳು ನಿನ್ನ ಜೋಡೀನ ಬರ್ತದ."

ಅವಳು ಮಜ್ಜಿಗೆಯ ಪಾತ್ರೆ ಮುಚ್ಚಿಟ್ಟು ಅವನತ್ತ ತಿರುಗಿದಳು. "ಹೊಂಡೂ ಮುಂದ?"

"ಹ್ಞೂಂ."

"ಹೇಳಬಾರದು ಅಂತ ಅಲ್ಲೋ. ನನಗೇನು ಅಂಥಾ ನಂಬಿಗಿ ಇಲ್ಲ, ನಿನಗೂ ಗೊತ್ತೈತಿ. ನಾಲಿಗಿ ಹೊಳ್ಳಂಗಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಹೇಳಿದಳು: "ನಮ್ಮವ್ವ ಬಾಗಿಲಾಗ ನಿಂತು ಯಾರನ್ನೂ ಎಲ್ಲಿಗೆ ಅಂತ ಕೇಳಿದಾಕಿ ಅಲ್ಲ. ನಾನೂ ನಿನ್ನ ಕೇಳಿಲ್ಲ. ಕಾಲೇಜು ಬಿಟ್ಟು ಊರೂರು ತಿರಗಾಕ ಹೊಂಟಿ, ಕೇಳಲಿಲ್ಲ. ಹೆಣ್ಣು ನೋಡಾಕ ಹೊಂಟಾಂವ ನಡಬರಕ ತಿರುಗಿ ಬಂದಿ, ಆವಾಗೂ ಕೇಳಲಿಲ್ಲ. ಕೇಳಿದ್ದರ ಬರ್ತಿದ್ದೇನು ನೀ ಮನಿಗೆ?"

ಅವನು ಕಡಗೋಲನ್ನು ತೊಳೆಯಲು ಎತ್ತಿಕೊಂಡ.

"ಯಾಕ, ಆಫೀಸಿನ್ಯಾಗ ಏನರೇ ಆಗೈತೇನು?" ಎಂದಳು. ಅದು ಅವಳು ಕೇಳಿದ ಅಪರೂಪದ ಪ್ರಶ್ನೆ.

"ಏನಿಲ್ಲ," ಎಂದ.

ಸೋಮವಾರ ಗಂಜ್ ರಸ್ತೆಯ ಸಾಮಾನ್ಯ ನೆರಳನ್ನು ತೆಗೆದರು. ಬಸವಪ್ರಭು ಪಾಳಿಗೆ ಬೇಗ ಬಂದು ಕೂತಿದ್ದ. ರಸ್ತೆಯ ಉಪಕರಣಗಳು ಸರಿಯಿವೆಯೇ ಎಂದು ನೋಡಲು ಯಾವ ಮೇಜಿನಿಂದಲಾದರೂ ಒಂದು ಪರೀಕ್ಷೆಯ ನೆರಳನ್ನು ಬಿಡಬಹುದಿತ್ತು. ಅದಕ್ಕೆ ಗಾಡಿ ಬೇಡ, ಮನುಷ್ಯ ಬೇಡ. ದಿನದ ಕೊನೆಗೆ ಅದರ ಗುರುತೂ ಉಳಿಯುವುದಿಲ್ಲ. ಅತ್ತೆಯ ಹೆಸರಿನ ನೆರಳು ಗುಡಿಯತ್ತ ಹೊರಟಿದ್ದೇ, ಅವನು ಅದೇ ವೇಗದ ಇನ್ನೊಂದನ್ನು ಗಂಜ್ ರಸ್ತೆಗೆ ಬಿಟ್ಟ. ಒಂದು ಅವಳು ಆಡಿದ ಮಾತಿನ ಹಿಂದೆ ಹೋಯಿತು, ಇನ್ನೊಂದು ಅವಳ ಗಾಲಿಗಳ ಜೊತೆಗೆ. ಲಾರಿಗಳು ಮೆತ್ತಗಾದವು. ಮೈದಾನದ ಗೇಟಿನ ಹತ್ತಿರ ಪಟ್ಟಿ ಕರಗಿದ ಮೇಲೆ ಅವನಿಗೆ ಉಸಿರು ಬಂತು. ಅವಳು ತಿರುಗಿ ಬರುವ ಹೊತ್ತಿಗೆ ಇನ್ನೊಂದು.

ಹೀಗೆ ದಿನಗಳು ಹೋದವು. ಅವನು ರಜೆ ಹಾಕುವುದನ್ನು ಬಿಟ್ಟ. ಜ್ವರ ಬಂದಾಗ ಗುಳಿಗೆ ನುಂಗಿ ಬಂದು ಕೂತ. ಗೆಳೆಯನ ಮದುವೆಗೆ ಹೋಗಲಿಲ್ಲ. ಬೇರೆ ಪಾಳಿ ಬಂದರೆ ಯಾರಿಗೋ ಕೈಮುಗಿದು ಬದಲಿಸಿಕೊಂಡ. ನಿದ್ದೆಯಲ್ಲೂ ಆ ಹಸಿರು ಪಟ್ಟಿ ಸರಿಯುತ್ತಿತ್ತು. ಎಚ್ಚರವಾದಾಗ ಅದು ಅರ್ಧಕ್ಕೆ ನಿಂತುಹೋದ ಹಾಗೆನಿಸಿ ಎದ್ದು ಕೂರುತ್ತಿದ್ದ. ಇದು ಎಷ್ಟು ದಿನ ನಡೆಯಬೇಕು? ಅವಳಿರುವವರೆಗೆ. ಆ ಯೋಚನೆ ಅಲ್ಲಿಗೆ ಬಂದು ನಿಂತ ಕೂಡಲೇ ತನ್ನ ದಣಿವಿನ ಬಗ್ಗೆ ಅವನಿಗೇ ನಾಚಿಕೆಯಾಗುತ್ತಿತ್ತು.

ಅತ್ತೆ ಮಾತ್ರ ಹುರುಪಿನಲ್ಲಿದ್ದಳು.

"ಪ್ರಭ್ಯಾ, ಆ ಲಾರಿಗೋಳು ನನ್ನ ಗುರ್ತಾ ಹಿಡಿತಾವೋ," ಎಂದಳು ಒಂದು ಸಂಜೆ.

"ಹಂಗಂದ್ರ?"

"ದೂರಿಂದ ನನ್ನ ಕಂಡ ಕೂಡ್ಲೆ ಸಾವಕಾಶ ಆಗ್ತಾವು. ಬ್ಯಾರೇ ಮಂದೀಗೆ ಆಗಂಗಿಲ್ಲ. ಆ ಪಾನ್ ಅಂಗಡಿ ಹುಸೇನಿ ರಸ್ತಾ ದಾಟಾಕ ನಿಂತು ನಿಂತು ಸಾಕಾಗಿದ್ದ, ಒಂದರೇ ನಿಂದರವಲ್ದು. ನಾ ಬಂದೆ ನೋಡು, ಎಲ್ಲಾ ತಣ್ಣಗಾದ್ವು. 'ಏನ್ ಅಕ್ಕೋರ, ಲಾರಿಗೂ ಪೀಟಿ ಕಲಿಸೀರೇನು?' ಅಂದ. ಕಲಿತಾವಪಾ ಅಂದೆ, ದಿನಾ ನೋಡಿ ನೋಡಿ ಅವಕ್ಕೂ ರೂಢಿ ಆಗೈತಿ. ನನ್ನ ಖೋಖೋ ಹುಡುಗ್ಯಾರಕಿಂತ ಛಲೋ ಕಲಿತಾವು."

"ಹೌದೇನು," ಎಂದು ಬಸವಪ್ರಭು ಮಜ್ಜಿಗೆ ಹಾಕಿಸಿಕೊಂಡ.

ಆಮೇಲಾಮೇಲೆ ಗಂಜ್ ರಸ್ತೆಯಲ್ಲಿ ಅದೊಂದು ಪದ್ಧತಿಯೇ ಆಯಿತು. ಬುತ್ತಿ ಹೊತ್ತ ಹಮಾಲರು, ಶಾಲೆಯ ಹುಡುಗಿಯರು, ಕಟ್ಟಿಗೆ ಮಾರುವ ಮುದುಕ, ಎಲ್ಲರೂ ರಸ್ತೆಯ ಅಂಚಿನಲ್ಲಿ ಪೀಟಿ ಅಕ್ಕೋರಿಗಾಗಿ ಕಾಯತೊಡಗಿದರು. ಅವಳು ಬಂದು ಸೀಟಿ ಊದಿದರೆ ಎಲ್ಲರೂ ಒಟ್ಟಿಗೆ ದಾಟುತ್ತಿದ್ದರು. ಹತ್ತಿಯ ಲಾರಿಗಳು ಗುಡ್ಡಗಳ ಹಾಗೆ ನಿಧಾನವಾಗಿ ಪಕ್ಕದಲ್ಲಿ ಸರಿಯುತ್ತಿದ್ದವು. ಅವಳು ಅವುಗಳತ್ತ ಕೈಯೆತ್ತಿ ಸಾಕು ಎನ್ನುವಂತೆ ಸನ್ನೆ ಮಾಡುತ್ತಿದ್ದಳಂತೆ. ಇದನ್ನೆಲ್ಲ ಅವಳ ಬಾಯಿಂದಲೇ ಕೇಳಿದ್ದು. ಅವನು ಆ ಹೊತ್ತಿನಲ್ಲಿ ಆ ರಸ್ತೆಯನ್ನು ಕಣ್ಣಾರೆ ಕಂಡವನಲ್ಲ. ಅವಳು ರಸ್ತೆಯ ಮೇಲಿರಬೇಕಾದರೆ ಅವನು ಪರದೆಯ ಮುಂದೆ ಇರಲೇಬೇಕಿತ್ತು.

ಒಂದು ಬೆಳಿಗ್ಗೆ ಏನೋ ಹುಡುಕುತ್ತ ಇಡೀ ಊರಿನ ನಕ್ಷೆಯನ್ನು ತೆರೆದಾಗ ಬೇರೆ ಕಡೆಗಳಲ್ಲೂ ಪರೀಕ್ಷೆಯ ನೆರಳುಗಳು ಓಡಾಡುತ್ತಿರುವುದು ಕಂಡಿತು. ಬಸ್‌ಸ್ಟ್ಯಾಂಡ್ ಹಿಂದಿನ ಆಲದ ಕಟ್ಟೆಗೆ ಒಂದು, ರೇವಣಸಿದ್ಧನ ಮೇಜಿನಿಂದ. ಹಳೇ ಕ್ಷೌರದಂಗಡಿಯ ಸಂದಿಗೆ ಒಂದು. ಅಲ್ಲಿ ಮೂರು ಪತ್ರಿಕೆ ತರಿಸುತ್ತಾರೆ. ಮೇಡಂ ಅವರ ಮಾವ ಬೆಳಗಿನ ಹೊತ್ತೆಲ್ಲ ಅಲ್ಲೇ ಇರುತ್ತಾರೆಂದು ಯಾವಾಗಲೋ ಕೇಳಿದ್ದ. ಆ ನೆರಳು ಮೇಡಂ ಅವರ ಮೇಜಿನಿಂದಲೇ ಹೊರಟಿತ್ತು. ಬಸವಪ್ರಭು ನಕ್ಷೆಯನ್ನು ಮೆಲ್ಲಗೆ ಮುಚ್ಚಿದ, ಯಾರದೋ ಮನೆಯ ಬಚ್ಚಲ ಬಾಗಿಲನ್ನು ತಿಳಿಯದೆ ತೆರೆದವನ ಹಾಗೆ.

ಚಹಾಕ್ಕೆ ಹೋದಾಗ ರೇವಣಸಿದ್ಧ ಕಪ್ಪಿನೊಳಗೆ ನೋಡುತ್ತ ಕೇಳಿದ: "ಇವತ್ತೂ ಪರೀಕ್ಷಾ ಮಾಡಿದ್ರೇನು?"

"ಮಾಡಿದೆ. ನೀವು?"

"ಮಾಡಿದೆ."

"ಎಲ್ಲಾ ಸರಿ ಅದಾವ?"

"ಸದ್ಯಕ್ಕ ಅದಾವು," ಎಂದ ರೇವಣಸಿದ್ಧ. ಇಬ್ಬರೂ ಚಹಾ ಕುಡಿದರು.

ಸುಗ್ಗಿ ಭರದಲ್ಲಿದ್ದಾಗ ಒಂದು ದಿನ ಜುಲೇಖಾ ಬಾಯಿ ತಾನೂ ಬರುತ್ತೇನೆಂದಳು. ಮೊಮ್ಮಗಳು ಖೋಖೋ ತಂಡಕ್ಕೆ ಆರಿಸಿ ಬರುವ ದಿನ ಅದು. ಗಂಜ್ ರಸ್ತೆ ಎಂದರೆ ಭಯ ಎಂದು ಇಷ್ಟು ದಿನ ಹೋಗದೆ ಇದ್ದವಳಿಗೆ ಅತ್ತೆಯೇ ಧೈರ್ಯ ಹೇಳಿದ್ದಳು. "ನನ್ನ ಜೋಡಿ ಬಾರವ್ವ. ಲಾರಿ ಎಲ್ಲಾ ನನ್ನ ಪರಿಚಯದವ ಅದಾವು." ಹಿಂದಿನ ಸಂಜೆ ಅವಳು ಇದನ್ನು ಹೇಳಿ ನಕ್ಕಾಗ ಬಸವಪ್ರಭುವೂ ನಕ್ಕಿದ್ದ. ಇಬ್ಬರು ಹೆಂಗಸರು ಜೊತೆಗೆ ಹೊರಟರೆ ದಾರಿ ಉದ್ದವಾಗುತ್ತದೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಬೆಳಿಗ್ಗೆ ಒಂದು ನೆರಳು ಗುಡಿಗೂ ಇನ್ನೊಂದು ದರ್ಗಾದ ಕಡೆಗೂ ಹೊರಟವು. ಅವನು ಎಂದಿನ ಹಾಗೆ ಮೂರನೆಯದನ್ನು ಗಂಜ್ ರಸ್ತೆಗೆ ಬಿಟ್ಟ. ಅದು ಎಂದಿನ ವೇಗದಲ್ಲಿ ಹೋಗಿ, ಮೈದಾನದ ಗೇಟು ಮುಟ್ಟಿ ಕರಗಿತು. ಅವನು ಎದ್ದು ಮೈಮುರಿದ. ಬಾಟಲಿ ತೆಗೆದು ನೀರು ಕುಡಿಯುತ್ತಿರುವಾಗ ಪರದೆಯ ಮೇಲೆ ಕೆಂಪು ಚುಕ್ಕೆ ಹತ್ತಿಕೊಂಡಿತು. ಲಾರಿಯೊಂದು ಹಠಾತ್ತನೆ ನಿಂತ ಗುರುತು ಅದು. ಗಂಜ್ ರಸ್ತೆ, ತೂಕದ ಕಟ್ಟೆಯ ಹತ್ತಿರ. ನೆರಳು ಆಗಲೇ ದಾಟಿ ಹೋಗಿದ್ದ ಜಾಗ.

"ಯಾರದೋ ನಾಯಿ ಅಡ್ಡ ಬಂದಿರಬೇಕು," ಎಂದ ರೇವಣಸಿದ್ಧ, ಅವನ ಮುಖ ನೋಡಿ. ಆಮೇಲೆ ತಾನೇ ಎದ್ದು, "ನೀವು ಹೋಗ್ರಿ. ನಿಮ್ಮ ಮೇಜು ನಾ ನೋಡ್ಕೋತೀನಿ," ಎಂದ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಜುಲೇಖಾ ಬಾಯಿ ತಲೆ ಹೊಡೆದುಕೊಳ್ಳುತ್ತ ಕೂತಿದ್ದಳು. ಅವಳಿಗೆ ಗೀರು ಸಹ ಆಗಿರಲಿಲ್ಲ.

"ನಂದೇ ತಪ್ಪು ಬೇಟಾ. ಸೊಸಿ ಸುದ್ದಿ ಹೇಳ್ತಾ ಹೇಳ್ತಾ ಬೇವಿನ ಗಿಡದ ಕೆಳಗ ಗಾಡಿ ನಿಂದರಿಸಿದೆ. ಕಸ್ತೂರಿನೂ ನಿಂತ್ಲು. ಪೂರಾ ಕೇಳಿದ್ಲು, ನಕ್ಕಳು. ಆಮ್ಯಾಲೆ ಇಬ್ರೂ ಹೊಂಟ್ವಿ. ಲಾರಿ ಬರೂದ ಕಂಡು ನಾ ಹಿಂದ ಸರದೆ. ಅಕೀ ಕೈ ಎತ್ತಿ ತೋರ್ಸಿದ್ಲು, ನಿಂದರು ಅಂತ. ನಿಂದರಲೇ ಇಲ್ಲ ಅದು."

ಲಾರಿ ನಿಲ್ಲಲು ನೋಡಿತ್ತು. ಅದರಿಂದಲೇ ಜೀವ ಉಳಿದದ್ದು. ಅಂಡಿಗೆಯೊಂದು ಜಾರಿ ಗಾಡಿಯನ್ನು ಉರುಳಿಸಿತ್ತು. ಸೊಂಟದ ಮೂಳೆ ಮುರಿದಿತ್ತು. ಕೂರಿಸಬಹುದು, ಆದರೆ ಕುರ್ಚಿಗಾಡಿಯ ಕುಲುಕಾಟ ಇನ್ನು ತಡೆಯುವುದು ಕಷ್ಟ, 'ನೋಡೋಣ' ಎಂದರು ಡಾಕ್ಟರು. ಆ 'ನೋಡೋಣ' ಒಂದನ್ನೇ ಹಿಡಿದುಕೊಂಡು ಬಸವಪ್ರಭು ಕೆಲವು ದಿನ ಓಡಾಡಿದ.

ವಿಚಾರಣೆ ಅದನ್ನೂ ಉಳಿಸಲಿಲ್ಲ. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ನಿಯಂತ್ರಣ ಕೊಠಡಿಯಲ್ಲೇ ಕೂತು ಕೇಳಿದರು. ಹುಡುಗ ವಯಸ್ಸಿನವರು, ಮಾತು ಮೆತ್ತಗೆ.

"ಈ ಅಮ್ಮ ಗುಡಿ ಅಂತ ಹೇಳಿ ಗಂಜ್ ರಸ್ತೆಗೆ ಹೋಗಿದ್ದಾರೆ. ನಿಯಮ ಸ್ಪಷ್ಟ ಇದೆ, ಗಾಡಿ ವಾಪಸು ತಗೊಳ್ಳಲೇಬೇಕು. ಇನ್ನೊಂದು ವಿಷಯ. ಅಂಗಡಿಯವರೆಲ್ಲ ಆ ಅಮ್ಮ ಬಂದ್ರೆ ದಿನಾ ಲಾರಿಗಳು ಸ್ಲೋ ಆಗ್ತಿದ್ದವು ಅಂತಾರಲ್ಲ. ಅದು ಹೇಗೆ?"

ಈಗ ಎದ್ದು ನಿಂತು ಹೇಳಬಹುದು ಎನಿಸಿತು ಬಸವಪ್ರಭುವಿಗೆ. ನೆರಳು ಬಿಟ್ಟವನು ನಾನು. ಈ ಊರಿನಲ್ಲಿ ಯಾರೂ ಹೊರಡುವ ಮುಂದೆ ನಿಜ ಹೇಳುವುದಿಲ್ಲ, ನಿಮ್ಮ ಯಂತ್ರ ಕೇಳಬಾರದ್ದನ್ನು ಕೇಳುತ್ತಿದೆ. ಹೇಳಿದರೆ ತನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಆಮೇಲೆ ಇವರು ಪರೀಕ್ಷೆಯ ನೆರಳುಗಳನ್ನೆಲ್ಲ ನಿಲ್ಲಿಸುತ್ತಾರೆ. ನಾಳೆ ಬೆಳಿಗ್ಗೆ ಆಲದ ಕಟ್ಟೆಗೆ ಹೊರಡುವ ಅಜ್ಜನಿಗೆ, ಕ್ಷೌರದಂಗಡಿಗೆ ಹೊರಡುವ ಮುದುಕರಿಗೆ ಅದನ್ನು ಯಾರು ಹೇಳುವವರು? ಅವನು ತಲೆ ಎತ್ತಿದ. ರೇವಣಸಿದ್ಧ ಅವನನ್ನೇ ನೋಡುತ್ತಿದ್ದ. ಬೇಡ ಎಂದು ಬೇಡುವ ನೋಟವಲ್ಲ ಅದು, ಹೇಳು ಎಂಬುದೂ ಅಲ್ಲ. ಬರಿಯ ದಣಿವು.

"ಅಲ್ಲಿ ಉಪಕರಣ ಪರೀಕ್ಷಾ ನಡದಿತ್ತು ಸರ್," ಎಂದರು ಮೇಡಂ, ಕನ್ನಡಕ ಒರೆಸುತ್ತ. "ಹಳೇ ಉಪಕರಣ."

ಅಧಿಕಾರಿ ತಲೆಯಾಡಿಸಿದರು. ಬಸವಪ್ರಭು ಕೂತೇ ಇದ್ದ.

ಗಾಡಿಯನ್ನು ಒಯ್ಯಲು ಬಂದವರಿಗೆ ಅತ್ತೆ ಚಹಾ ಮಾಡಿಸಿ ಕೊಟ್ಟಳು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಲಿಲ್ಲ. ಈಗ ಬಾಗಿಲ ಹತ್ತಿರದ ಹೊರಸಿನ ಮೇಲೆ ದಿಂಬಿಗೊರಗಿ ಕೂತಿರುತ್ತಾಳೆ. ನೋಡಲು ಬರುವವರು ಬಹಳ. ಖೋಖೋ ಹುಡುಗಿಯರು ಬರುತ್ತಾರೆ, ಪಾನ್ ಅಂಗಡಿಯ ಹುಸೇನಿ ಬಾಳೆಹಣ್ಣು ತರುತ್ತಾನೆ. ಈಗ ರಸ್ತೆ ದಾಟುವುದೇ ಆಗುತ್ತಿಲ್ಲ ಎಂದು ಅವನು ಗೊಣಗುತ್ತಾನೆ. ಲಾರಿಯನ್ನು ಬೈದರೆ ಮಾತ್ರ ಅವಳಿಗೆ ಸೇರುವುದಿಲ್ಲ.

"ಅದರದೇನು ತಪ್ಪಿಲ್ಲಪಾ. ದಿನಾ ಒಬ್ಬಾಕಿನ ಹೊಕ್ಕಿದ್ದೆ. ಅವತ್ತ ಇಬ್ರು ಜೋಡಿಲೆ ಹೊಂಟಿದ್ವಿ, ಹೊತ್ತೂ ಆಗಿತ್ತು. ಅದಕ್ಕ ನನ್ನ ಗುರ್ತಾ ಸಿಗಲಿಲ್ಲ. ಮನಷ್ಯಾರಿಗೇ ಸಿಗಂಗಿಲ್ಲ ಒಮ್ಮೊಮ್ಮೆ."

ಒಂದು ಸಂಜೆ ಅವರೆಲ್ಲ ಹೋದ ಮೇಲೆ ಬಸವಪ್ರಭು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅವಳು ಬೀದಿಯ ಕಡೆ ನೋಡುತ್ತ ಕೇಳಿದಳು: "ಪ್ರಭ್ಯಾ, ನೀ ಅದರಾಗ ಕಲಿತಾಂವ. ಇಷ್ಟು ದಿನ ಆತು, ಅವಕ್ಕ ಇನ್ನಾ ನನ್ನ ನೆನಪ ಇದ್ದೀತೇನು?"

ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟ. ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇರ್ತೈತಿ ಅತ್ತಿ," ಎಂದ.

ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು.

ಆ ಲಾರಿಗಳಿಗೆ ಅವಳ ಗುರುತು ಎಂದೂ ಇರಲಿಲ್ಲ ಎಂದು, ದಿನವೂ ಅವುಗಳನ್ನು ನಿಧಾನ ಮಾಡಿಸುತ್ತಿದ್ದವನು ತಾನು ಎಂದು, ಆ ದಿನ ನೆರಳನ್ನು ಅವಳಿಗಿಂತ ಮುಂಚೆ ಗೇಟು ಮುಟ್ಟಿಸಿ ಎದ್ದವನೂ ತಾನೇ ಎಂದು ಬಸವಪ್ರಭು ಅವಳಿಗೆ ಹೇಳಲಿಲ್ಲ.